ಮಗು ತಾನೇ ಯೋಚಿಸಲಿ: ಮುಂಬಯಿಯ ಕನ್ನಡ ಮನೆಗಳಿಗೊಂದು ಮಾರ್ಗದರ್ಶಿ

ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಬೆಳೆಯುವ ಒಂಬತ್ತು ವರ್ಷದ ಮಗುವಿನ ಒಂದು ವಾರವನ್ನು ಕಾಗದದ ಮೇಲೆ ಬರೆದು ನೋಡಿ. ಏಳುವ ಹೊತ್ತು ಸ್ಕೂಲ್ ಬಸ್ಸಿನವರು ಹೇಳಿದ್ದು. ಡಬ್ಬಿಗೆ ಏನು ಅನ್ನುವುದು ಅಮ್ಮ ಹೇಳಿದ್ದು. ಸಂಜೆ ಟ್ಯೂಷನ್, ವಾರಕ್ಕೆರಡು ದಿನ ಅಬಾಕಸ್, ಶನಿವಾರ ಕರಾಟೆ, ಭಾನುವಾರ ಬೆಳಿಗ್ಗೆ ಸಂಗೀತವೋ ಯಕ್ಷಗಾನ ಕ್ಲಾಸೋ. ಇಷ್ಟರಲ್ಲಿ ಮಗು ತಾನಾಗಿ ತೀರ್ಮಾನಿಸಿದ್ದು ಯಾವುದು? ರಾತ್ರಿ ಯಾವ ಕಾರ್ಟೂನ್ ನೋಡುವುದು ಅನ್ನುವುದಷ್ಟೇ ಇರಬೇಕು. ಅಲ್ಲಿಯೂ ಹತ್ತು ನಿಮಿಷಕ್ಕೆ ರಿಮೋಟು ಕಿತ್ತುಕೊಳ್ಳುತ್ತೇವೆ.

ಅದೇ ಮಗು ಹತ್ತನೇ ಕ್ಲಾಸಿಗೆ ಬಂದಾಗ "ಇವನಿಗೆ ಸ್ವಂತ ಬುದ್ಧಿಯೇ ಇಲ್ಲ, ಎಲ್ಲದಕ್ಕೂ ನಮ್ಮ ಮುಖ ನೋಡ್ತಾನೆ" ಅಂತ ದೂರುತ್ತೇವೆ. ಇದಕ್ಕೂ ಈಗ ಕ್ಲಾಸ್ ಇದೆ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಬಣ್ಣ ಬಣ್ಣದ ಪೋಸ್ಟರ್ ಬರುತ್ತದೆ: ಮಕ್ಕಳ ಸೃಜನಶೀಲತೆಗೆ ಬ್ಯಾಚ್ ಶುರು, ಸೀಟು ಕಡಿಮೆ ಇದೆ, ಬೇಗ ಸೇರಿ. ನನ್ನ ಸಲಹೆ ಕೇಳಿದರೆ ಆ ದುಡ್ಡು ಉಳಿಸಿ. ಮೊದಲೇ ತುಂಬಿದ ವಾರಕ್ಕೆ ಇನ್ನೊಂದು ಕ್ಲಾಸ್ ತುರುಕಿದರೆ ಮಗುವಿಗೆ ಯೋಚಿಸುವ ಹೊತ್ತು ಇನ್ನಷ್ಟು ಕಡಿಮೆಯಾಗುತ್ತದೆ, ಜಾಸ್ತಿ ಆಗುವುದಿಲ್ಲ.

ಕೆಳಗೆ ಹೇಳಿರುವುದು ಸುಮಾರು ಐದರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ. ಒಂದು ಇನ್ನೂರು ಪುಟದ ನೋಟ್‌ಬುಕ್ ಬೇಕು. ದಿನಕ್ಕೆ ಅರ್ಧ ಗಂಟೆ ಬೇಕು. ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಒಂದು ಹೆಜ್ಜೆ ಮನೆಗೆ ಒಗ್ಗಿದ ಮೇಲೆ ಮುಂದಿನದು.

1. ಮೊದಲು ನೀವು ಸುಮ್ಮನಿರುವುದನ್ನು ಕಲಿಯಿರಿ

ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಕ್ಲಾಸ್‌ರೂಮುಗಳ ಮಾತನ್ನು ರೆಕಾರ್ಡ್ ಮಾಡಿ ಒಂದು ವಿಷಯ ಅಳೆದರು. ಪ್ರಶ್ನೆ ಕೇಳಿದ ಮೇಲೆ ಟೀಚರ್ ಎಷ್ಟು ಹೊತ್ತು ಕಾಯುತ್ತಾರೆ? ಬಹಳಷ್ಟು ಕಡೆ ಒಂದೇ ಸೆಕೆಂಡ್. ಅಷ್ಟರಲ್ಲಿ ಉತ್ತರ ಬರಲಿಲ್ಲ ಅಂದರೆ ಟೀಚರೇ ಹೇಳಿಬಿಡುತ್ತಾರೆ, ಇಲ್ಲವೇ ಇನ್ನೊಬ್ಬರನ್ನು ಕೇಳುತ್ತಾರೆ. ಮೂರು ಸೆಕೆಂಡ್ ಕಾಯುವ ಅಭ್ಯಾಸ ಮಾಡಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು. "ಗೊತ್ತಿಲ್ಲ" ಅನ್ನುವವರು ಕಡಿಮೆಯಾದರು. ಸುಮ್ಮನೆ ಕೂರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು.

ಮನೆಯಲ್ಲಿ ನಾವು ಆ ಒಂದು ಸೆಕೆಂಡೂ ಕಾಯುವುದಿಲ್ಲ. ಪಕ್ಕದ ಮನೆಯವರು ಮಗುವಿಗೆ "ಯಾವ ಕ್ಲಾಸು ಪುಟ್ಟಾ?" ಅಂತ ಕೇಳಿದರೆ ಉತ್ತರ ಅಮ್ಮನಿಂದ ಬರುತ್ತದೆ. ಅಲ್ವಾ?

ಕಾಯುವುದು ಹೇಗಿರುತ್ತದೆ ಎಂದು ತೋರಿಸುತ್ತೇನೆ. ಭಾನುವಾರ ಮಧ್ಯಾಹ್ನದ ಲೋಕಲ್, ಕಿಟಕಿ ಸೀಟು ಸಿಕ್ಕಿದೆ.

"ಅಪ್ಪಾ, ಹಳಿ ಕೆಳಗೆ ಯಾಕೆ ಇಷ್ಟೊಂದು ಜಲ್ಲಿಕಲ್ಲು?"

"ನಿಂಗೇನನ್ಸುತ್ತೆ?"

ಮಗು ಮಾತಾಡುವುದಿಲ್ಲ. ಅಪ್ಪನೂ ಮಾತಾಡುವುದಿಲ್ಲ. ದಿವಾ ಸ್ಟೇಷನ್ ದಾಟುತ್ತದೆ.

"ಯಾರೂ ಹಳಿ ಮೇಲೆ ನಡೀಬಾರ್ದು ಅಂತ?"

"ಇರಬಹುದು. ಮತ್ತೇನಾದ್ರೂ?"

"ಮಳೆ ನೀರು ಕೆಳಗೆ ಇಳಿದು ಹೋಗ್ಲಿ ಅಂತ."

"ಅದು ಸರಿ ಅನ್ಸುತ್ತೆ. ಆದ್ರೆ ಕಲ್ಲು ಯಾಕೆ ಚೂಪು ಚೂಪಾಗಿದೆ? ಹೊಳೆಕಲ್ಲು ಹಾಕಬಹುದಿತ್ತಲ್ಲ, ನುಣ್ಣಗಿರುತ್ತೆ."

ಮತ್ತೆ ಸ್ವಲ್ಪ ಹೊತ್ತು ಸುಮ್ಮನೆ. "ನುಣ್ಣಗಿದ್ರೆ ಜಾರುತ್ತೆ! ಟ್ರೇನ್ ಹೋದಾಗ ಎಲ್ಲ ಉರುಳ್ಕೊಂಡು ಹೋಗುತ್ತೆ."

ಮಗು ಹೇಳಿದ್ದು ಸರಿ. ಮೂಲೆಮೂಲೆಯ ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ಸ್ಲೀಪರನ್ನು ಅಲುಗದಂತೆ ಹಿಡಿಯುತ್ತವೆ. ರೈಲಿನ ಭಾರವನ್ನು ಕೆಳಗಿನ ನೆಲಕ್ಕೆ ಹರಡುತ್ತವೆ, ನೀರು ನಿಲ್ಲಗೊಡುವುದಿಲ್ಲ. ಅಪ್ಪ ಮೊದಲೇ ಇಷ್ಟನ್ನೂ ಹೇಳಿದ್ದರೆ ಅರ್ಧ ನಿಮಿಷದಲ್ಲಿ ಮಾತು ಮುಗಿಯುತ್ತಿತ್ತು. ಸಂಜೆಯೊಳಗೆ ಮಗು ಅದನ್ನು ಮರೆಯುತ್ತಿತ್ತು.

ಒಂದು ಎಚ್ಚರಿಕೆ. ಪ್ರತಿ ಸಲ "ನಿಂಗೇನನ್ಸುತ್ತೆ" ಅಂತ ತಿರುಗಿ ಕೇಳಿದರೆ ಮಗುವಿಗೆ ತಲೆ ಕೆಟ್ಟು ಕೇಳುವುದನ್ನೇ ಬಿಟ್ಟುಬಿಡುತ್ತದೆ. "ನಾಳೆ ರಜೆ ಇದೆಯಾ?" ಅಂದರೆ ನೇರವಾಗಿ ಹೇಳಿ. ನೋಡಿ, ತಡಕಾಡಿ ಉತ್ತರ ಹತ್ತಿರ ಹೋಗಬಹುದಾದ ಪ್ರಶ್ನೆಗಳಿಗೆ ಮಾತ್ರ ಈ ಕಾಯುವಿಕೆ. ನಿಮಗೂ ಗೊತ್ತಿಲ್ಲದಿದ್ದರೆ ಹಾಗೆಂದೇ ಹೇಳಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅದಕ್ಕೆ ಪ್ರಶ್ನೆ ಪುಸ್ತಕ ಅಂತ ಹೆಸರಿಡಿ. ಅಕ್ಷರ ಮಗುವಿನದೇ ಇರಲಿ. ಕನ್ನಡವೋ ಮರಾಠಿಯೋ ಇಂಗ್ಲಿಷೋ, ಯಾವುದರಲ್ಲಿ ಬೇಕಾದರೂ ಬರೆಯಲಿ.

2. ನಿಜವಾದ ನಿರ್ಧಾರವನ್ನೇ ಬಿಟ್ಟುಕೊಡಿ

"ಹಸಿರು ಟೀಶರ್ಟ್ ಬೇಕಾ ನೀಲಿ ಬೇಕಾ" ಅನ್ನುವುದು ಐದು ವರ್ಷದ ಮಗುವಿಗೆ ಸಾಕು. ಎಂಟು ವರ್ಷದ ಮಗುವಿಗೆ ಅದೇ ಪ್ರಶ್ನೆ ಕೇಳಿದರೆ ಸುಮ್ನೆ ಸಮಾಧಾನ ಮಾಡಿದ ಹಾಗೆ. ಆ ವಯಸ್ಸಿಗೆ ತಪ್ಪಾದರೆ ಏನಾದರೂ ನಷ್ಟವಾಗುವ ನಿರ್ಧಾರ ಬೇಕು. ನಷ್ಟ ಚಿಕ್ಕದಿರಲಿ, ಅಷ್ಟೇ.

ತರಕಾರಿಯಿಂದ ಶುರು ಮಾಡುವುದು ಸುಲಭ. ಶನಿವಾರ ಮಗುವಿನ ಕೈಗೆ ನೂರೈವತ್ತು ರೂಪಾಯಿ ಕೊಡಿ. ಎರಡು ಹೊತ್ತಿನ ಪಲ್ಯಕ್ಕೆ ಏನು ಬೇಕೋ ಅದೇ ಆರಿಸಲಿ. ನೀವು ಜೊತೆಗೆ ಹೋಗಿ, ಆದರೆ ಭಾಜಿವಾಲನ ಜೊತೆ ಮಾತು ಮಗುವಿನದು. ಬೆಂಡೆಕಾಯಿ ಎಳೆಯದೋ ಬಲಿತದ್ದೋ ಅಂತ ತುದಿ ಮುರಿದು ನೋಡುವುದನ್ನು ಒಮ್ಮೆ ತೋರಿಸಿಕೊಡಿ. ಆಮೇಲೆ ಕೈ ಹಿಂದಕ್ಕೆ. ಬಲಿತ ಬೆಂಡೆ ತಂದರೆ ಬಲಿತ ಬೆಂಡೆಯ ಪಲ್ಯವೇ ಊಟಕ್ಕೆ. ನಾರು ಹಲ್ಲಿಗೆ ಸಿಕ್ಕಿದಾಗ ನೀವು ಏನನ್ನೂ ಹೇಳಬೇಕಾಗಿಲ್ಲ. "ನಾನು ಹೇಳಿರಲಿಲ್ವಾ" ಅನ್ನುವ ಮಾತು ನಾಲಿಗೆ ತುದಿಗೆ ಬರುತ್ತದೆ. ನುಂಗಿಕೊಳ್ಳಿ.

ಹತ್ತು ವರ್ಷ ದಾಟಿದವರಿಗೆ ದಾರಿ ಹುಡುಕುವ ಕೆಲಸ ಕೊಡಿ. ಈ ಊರಿನ ಲೋಕಲ್ ರೈಲಿಗಿಂತ ಒಳ್ಳೆಯ ಒಗಟು ಎಲ್ಲಿ ಸಿಗುತ್ತದೆ? ಉದಾಹರಣೆಗೆ ಡೊಂಬಿವಲಿಯಿಂದ ವರಳಿಯ ನೆಹರೂ ವಿಜ್ಞಾನ ಕೇಂದ್ರಕ್ಕೆ ಹೋಗಬೇಕು. 1985ರಲ್ಲಿ ಶುರುವಾದ ಜಾಗ. ಅಲ್ಲಿ ಹೆಚ್ಚಿನದನ್ನು ಕೈಯಲ್ಲಿ ಮುಟ್ಟಿ, ತಿರುಗಿಸಿ ನೋಡಬಹುದು. ಹತ್ತಿರದ ಸ್ಟೇಷನ್ ಮಹಾಲಕ್ಷ್ಮಿ. ಅದು ಪಶ್ಚಿಮ ರೈಲ್ವೆಯದು, ನೀವಿರುವುದು ಮಧ್ಯ ರೈಲ್ವೆಯಲ್ಲಿ. ಎಲ್ಲಿ ಬದಲಿಸುವುದು? ದಾದರ್‌ನಲ್ಲೋ, ಪರೇಲ್‌ನಲ್ಲಿ ಇಳಿದು ಸೇತುವೆ ದಾಟಿ ಪ್ರಭಾದೇವಿಯಲ್ಲೋ? ಫಾಸ್ಟ್ ಹಿಡಿಯುವುದೋ ಸ್ಲೋ ಹಿಡಿಯುವುದೋ? ರೈಲಿನ ನಕ್ಷೆಯೊಂದನ್ನು ಕೊಟ್ಟು ಹಿಂದಿನ ರಾತ್ರಿಯೇ ಯೋಜನೆ ಬರೆಯಲು ಹೇಳಿ. ಫೋನು ಬೇಡ.

ದಾದರ್‌ನಲ್ಲಿ ಮಗು ಚರ್ಚ್‌ಗೇಟ್ ಫಾಸ್ಟ್ ಹತ್ತಿಸಿದರೆ ಗಾಡಿ ಮಹಾಲಕ್ಷ್ಮಿಯಲ್ಲಿ ನಿಲ್ಲದೆ ಮುಂಬಯಿ ಸೆಂಟ್ರಲ್‌ಗೆ ಹೋಗುತ್ತದೆ. ಹೋಗಲಿ ಬಿಡಿ. ಒಂದು ಸ್ಟೇಷನ್ ಹಿಂದಕ್ಕೆ ಬಂದರಾಯಿತು. ಇಂಡಿಕೇಟರ್‌ನಲ್ಲಿ ಫಾಸ್ಟ್‌ಗೆ F, ಸ್ಲೋಗೆ S ಅಂತ ಇರುತ್ತದೆ. ಮುಂದಿನ ಸಲ ಆ ಒಂದು ಅಕ್ಷರವನ್ನು ಮಗು ನಿಮಗಿಂತ ಮೊದಲು ನೋಡುತ್ತದೆ.

ಇಲ್ಲಿ ಒಂದು ನಿಯಮವಿದೆ, ಅದನ್ನು ಮುರಿದರೆ ಉಳಿದದ್ದೆಲ್ಲ ವ್ಯರ್ಥ. ಕೊನೆಗೆ ನಿಮ್ಮ ಮಾತೇ ನಡೆಯಬೇಕು ಅಂತಿದ್ದರೆ ಮಗುವನ್ನು ಕೇಳಲೇಬೇಡಿ. "ಎಲ್ಲಿಗೆ ಹೋಗೋಣ?" ಅಂತ ಕೇಳಿ, ಮಗು ಜುಹೂ ಅಂದ ಮೇಲೆ "ಅಲ್ಲ, ಮಾಟುಂಗಾದಲ್ಲಿ ಮಾವನ ಮನೆಗೆ" ಅಂದರೆ ಮಗು ಎರಡೇ ಸಲದಲ್ಲಿ ಪಾಠ ಕಲಿಯುತ್ತದೆ: ಇವರು ಕೇಳುವುದು ಸುಮ್ಮನೆ. ಹಾಗೆಯೇ ಕೆಲವು ವಿಷಯ ಚರ್ಚೆಗೇ ಇಲ್ಲ. ಬಾಗಿಲಲ್ಲಿ ನೇತಾಡುವುದು, ಹಳಿ ದಾಟುವುದು, ಮಳೆಗಾಲದಲ್ಲಿ ಸಮುದ್ರದ ಬಂಡೆ ಮೇಲೆ ಇಳಿಯುವುದು. ಇವುಗಳಲ್ಲಿ ಮಗುವಿನ ಅಭಿಪ್ರಾಯ ಬೇಡ. ಕಾರಣ ಹೇಳಿ, ಬೇಡ ಅನ್ನಿ, ಮುಗೀತು.

3. ಮನೆಯಲ್ಲೊಂದು ತಾಳಮದ್ದಲೆ

ಇದು ನನಗೆ ಎಲ್ಲಕ್ಕಿಂತ ಇಷ್ಟದ ಹೆಜ್ಜೆ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಕರಾವಳಿಯಿಂದ ಮುಂಬಯಿಗೆ ಬಂದವರು ಹೋಟೆಲಿನ ಜೊತೆ ಯಕ್ಷಗಾನವನ್ನೂ ತಂದರು. ಇವತ್ತಿಗೂ ಇಲ್ಲಿನ ಸಂಘಗಳ ಹಾಲ್‌ಗಳಲ್ಲಿ ತಾಳಮದ್ದಲೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತು ಮಾತಾಡುತ್ತಾರೆ. ಪದ್ಯ ಮೊದಲೇ ಬರೆದದ್ದು. ಮಾತು ಬರೆದದ್ದಲ್ಲ. ಎದುರಿನವನು ಏನು ಕೇಳುತ್ತಾನೋ ಅದಕ್ಕೆ ಆ ಕ್ಷಣದಲ್ಲೇ ಉತ್ತರ ಹುಟ್ಟಬೇಕು. ಹಾಗಾಗಿಯೇ ಅದೇ ಪ್ರಸಂಗವನ್ನು ಜನ ಮತ್ತೆ ಮತ್ತೆ ಕೇಳಲು ಹೋಗುತ್ತಾರೆ. ಸ್ವತಂತ್ರವಾಗಿ ಯೋಚಿಸುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನವನ್ನು ಪರದೇಶದಿಂದ ತರಿಸಬೇಕಾಗಿಲ್ಲ.

ಮಕ್ಕಳಿಗೆ ಹೀಗೆ ಆಡಿಸಿ. ವಾಲಿವಧೆಯ ಕಥೆ ಹೇಳಿ. ಅಣ್ಣ ವಾಲಿ, ತಮ್ಮ ಸುಗ್ರೀವ. ಗುಹೆಯ ಬಾಯಿಗೆ ಬಂಡೆ ಇಟ್ಟದ್ದು, ಜಗಳ, ಸುಗ್ರೀವನನ್ನು ಓಡಿಸಿ ಅವನ ಹೆಂಡತಿಯನ್ನು ವಾಲಿ ಇಟ್ಟುಕೊಂಡದ್ದು, ಕೊನೆಗೆ ರಾಮ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು. ಕಥೆ ನಿಲ್ಲಿಸಬೇಕಾದ್ದು ಬಾಣ ತಾಗಿದ ಜಾಗದಲ್ಲಿ. ರಾಮ ಮಾಡಿದ್ದು ಸರಿ ಅಂತಲೋ ತಪ್ಪು ಅಂತಲೋ ನೀವು ಹೇಳಬೇಡಿ. ಚೀಟಿ ಎತ್ತಿಸಿ: ಒಬ್ಬರು ವಾಲಿ, ಒಬ್ಬರು ರಾಮ. ಒಂದೇ ಮಗುವಾದರೆ ಇನ್ನೊಂದು ಪಾತ್ರ ನಿಮ್ಮದು. ತಲಾ ಮೂರು ನಿಮಿಷ.

ನಿಯಮ ಮೂರೇ. ಎದುರಿನವರು ಹೇಳಿದ್ದನ್ನು ಮೊದಲು ತಮ್ಮ ಮಾತಲ್ಲಿ ಹೇಳಬೇಕು, "ನೀನು ಹೇಳೋದು ಹೀಗೆ, ಸರಿಯಾ?" ಅಂತ ಕೇಳಬೇಕು. ಅವರು ಹೌದು ಅಂದ ಮೇಲೆಯೇ ಉತ್ತರ. ಗಟ್ಟಿ ದನಿಗೆ ಮಾರ್ಕಿಲ್ಲ. ಮೂರನೆಯದು ಮುಖ್ಯ: ಮುಗಿದ ಮೇಲೆ ಪಾತ್ರ ಅದಲು ಬದಲು. ಈಗಷ್ಟೇ ರಾಮನಾಗಿ ಗೆದ್ದವರು ವಾಲಿಯಾಗಿ ಶುರು ಮಾಡಬೇಕು.

ಒಂದು ಮನೆಯಲ್ಲಿ ವಾಲಿಯಾದ ಹುಡುಗಿ ಕೇಳಿದ್ದು ಹೀಗೆ: "ಜಗಳ ಇದ್ದದ್ದು ನನಗೂ ನನ್ನ ತಮ್ಮನಿಗೂ. ನೀನ್ಯಾರು ಮಧ್ಯ ಬರೋಕೆ?" ರಾಮನಾದ ಅಣ್ಣ, "ತಮ್ಮನ ಹೆಂಡತೀನ ಎತ್ತಿಟ್ಟುಕೊಂಡ್ರೆ ಅದು ಮನೆ ಜಗಳ ಅಲ್ಲ, ಕ್ರೈಮ್" ಅಂದ. "ಕ್ರೈಮ್ ಆದ್ರೆ ಮೊದಲು ಕರೆದು ಕೇಳಬೇಕಿತ್ತು. ಪೊಲೀಸರೂ ಕೇಳ್ತಾರೆ. ಮರದ ಹಿಂದೆ ಯಾಕೆ ನಿಂತೆ?" ಅಣ್ಣನ ಬಾಯಿ ಕಟ್ಟಿತು. ಅಜ್ಜಿ ಅಡುಗೆಮನೆಯಿಂದ ರಾಮನ ಸಹಾಯಕ್ಕೆ ಬರಲು ನೋಡಿದರು. ಅಜ್ಜಿಯನ್ನು ತಡೆಯುವುದು ದೊಡ್ಡವರ ಕೆಲಸ! ಆಮೇಲೆ ಪಾತ್ರ ಬದಲಾದಾಗ, ಆ ಹುಡುಗಿ ತಾನೇ ಎಸೆದ ಪ್ರಶ್ನೆಗೆ ತಾನೇ ಉತ್ತರ ಹುಡುಕಬೇಕಾಯಿತು. ಯೋಚನೆ ನಡೆಯುವುದು ಅಲ್ಲಿ.

ಪುರಾಣ ಸಾಕಾದರೆ ಬೀದಿಗೆ ಬನ್ನಿ. ಸೊಸೈಟಿ ಕಂಪೌಂಡಿನಲ್ಲಿ ಕ್ರಿಕೆಟ್ ಆಡಬಹುದೇ? ಮಗುವಿಗೆ ಸೆಕ್ರೆಟರಿಯ ಪಾತ್ರ ಕೊಡಿ, ಕಿಟಕಿ ಗಾಜಿನ ಖರ್ಚಿನ ಲೆಕ್ಕ ಅದೇ ಹೇಳಲಿ. ಪಾರಿವಾಳಕ್ಕೆ ಕಾಳು ಹಾಕಬಹುದೇ? 2025ರಲ್ಲಿ ದಾದರ್ ಕಬೂತರ್‌ಖಾನಾ ಮುಚ್ಚುವ ವಿಚಾರದಲ್ಲಿ ಇಡೀ ಊರೇ ವಾದಕ್ಕಿಳಿದಿತ್ತು. ಒಂದು ಕಡೆ ನಂಬಿಕೆ, ಪ್ರಾಣಿದಯೆ. ಇನ್ನೊಂದು ಕಡೆ ಪಾರಿವಾಳದ ಹಿಕ್ಕೆಯಿಂದ ಶ್ವಾಸಕೋಶಕ್ಕೆ ಬರುವ ಕಾಯಿಲೆ. ಎರಡೂ ಕಡೆ ಹೇಳಲು ಮಾತಿದೆ. ಅಂಥ ವಿಷಯವೇ ಬೇಕು. "ಸುಳ್ಳು ಹೇಳಬಹುದೇ" ಅನ್ನುವಂಥದ್ದು ಬೇಡ, ಮಕ್ಕಳು ನಿಮಗೆ ಬೇಕಾದ ಉತ್ತರ ಒಪ್ಪಿಸಿ ಎದ್ದು ಹೋಗುತ್ತಾರೆ.

4. ಊಹಿಸಲಿ, ಆಮೇಲೆ ಅಳೆಯಲಿ

ಕಲ್ಪನೆ ಅಂದರೆ ಚಿತ್ರ ಬರೆಯುವುದು, ಕಥೆ ಕಟ್ಟುವುದು ಮಾತ್ರ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. "ಹೀಗಿರಬಹುದು" ಅಂತ ಊಹಿಸಿ, ಅದು ಹೌದೋ ಅಲ್ಲವೋ ಅಂತ ನೋಡುವುದೂ ಅದೇ ಕೆಲಸ.

ಜೂನ್ ಬಂದರೆ ಮಳೆ ಅಳೆಯಿರಿ. ಬದಿ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿ ಬೇಕು, ಡೊಂಕುಡೊಂಕಿನದು ಬೇಡ. ಕತ್ತಿನ ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಬಾಯಿಗೆ ಕೂರಿಸಿ. ತಳ ಸಮವಾಗಿರುವುದಿಲ್ಲ. ಹಾಗಾಗಿ ನಾಲ್ಕು ಕಲ್ಲು ಹಾಕಿ, ಬದಿ ನೇರವಾಗುವವರೆಗೆ ನೀರು ತುಂಬಿಸಿ, ಅಲ್ಲಿ ಸೊನ್ನೆ ಅಂತ ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಸ್ಕೇಲು ಅಂಟಿಸಿ. ಟೆರೇಸಿನಲ್ಲಿ ಗೋಡೆಯಿಂದ ದೂರ ಇಡಿ. ಕಿಟಕಿಯ ಗ್ರಿಲ್ಲಿನಲ್ಲಿಟ್ಟರೆ ಮೇಲಿನ ಮನೆಯವರ ಛಜ್ಜಾದ ನೀರನ್ನು ಅಳೆದಂತಾಗುತ್ತದೆ. (ಟೆರೇಸಿನ ಬೀಗದ ಕೈಗೆ ವಾಚ್‌ಮನ್ ಕಾಕಾನನ್ನು ಮರಾಠಿಯಲ್ಲಿ ಒಪ್ಪಿಸುವ ಕೆಲಸವೂ ಮಗುವಿಗೇ ಇರಲಿ.) ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ ಬರೆಯಬೇಕು. ನೋಡುವ ಮೊದಲು ಊಹೆ ಬರೆಯಬೇಕು. ಮರುದಿನದ ಪತ್ರಿಕೆಯಲ್ಲಿ ಕೊಲಾಬಾ ಮತ್ತು ಸಾಂತಾಕ್ರೂಜ್‌ನ ಲೆಕ್ಕ ಬರುತ್ತದೆ. ಅದರ ಪಕ್ಕದಲ್ಲಿ ನಿಮ್ಮದು.

ಮೂರೂ ಲೆಕ್ಕ ಬೇರೆ ಬೇರೆ ಬಂದಾಗ ಮಗುವಿಗೆ 2005ರ ಜುಲೈ 26ರ ಕಥೆ ಹೇಳಿ. ಆ ಒಂದು ದಿನದಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು 74ರ ಆಸುಪಾಸು. ಒಂದೇ ಊರು, ಮಧ್ಯೆ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರ್ ಅಷ್ಟೇ. ಹಾಗಾದರೆ ಮುಂಬಯಿಯಲ್ಲಿ ಎಷ್ಟು ಮಳೆ ಬಂತು ಅನ್ನಬೇಕು? ಮೋಡ ಎಷ್ಟು ದೊಡ್ಡದಿರುತ್ತದೆ? ಉತ್ತರಕ್ಕೆ ಅವಸರ ಬೇಡ. ಪ್ರಶ್ನೆ ಪುಸ್ತಕದಲ್ಲಿ ಒಂದು ಪುಟ ಬಿಡಿ.

ಮಳೆ ಇಲ್ಲದ ತಿಂಗಳಲ್ಲಿ ಸಮುದ್ರವಿದೆ. ಸತತ ಎರಡು ದಿನ ಒಂದೇ ಹೊತ್ತಿಗೆ ದಾದರ್ ಚೌಪಾಟಿಗೆ ಹೋಗಿ, ನೀರು ಎಲ್ಲಿಯವರೆಗೆ ಬಂದಿದೆ ಅಂತ ಗುರುತು ಮಾಡಿ. ಉಬ್ಬರ ದಿನಾ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಇದನ್ನು ನೀವು ಹೇಳಬೇಡಿ, ಮಗು ಕಂಡುಹಿಡಿಯಲಿ. ಹುಣ್ಣಿಮೆ ಅಮಾವಾಸ್ಯೆಗೆ ಕಡಲು ಜಾಸ್ತಿ ಉಕ್ಕುತ್ತದೆ ಅಂತ ಕರಾವಳಿಯ ಯಾವ ಅಜ್ಜಿಗೆ ಗೊತ್ತಿಲ್ಲ? ಊರಿಗೆ ಫೋನ್ ಮಾಡಿಸಿ ಕೇಳಿಸಿ. ಆಮೇಲೆ ಕ್ಯಾಲೆಂಡರ್ ಹಿಡಿದು ಅಜ್ಜಿಯ ಮಾತನ್ನೂ ಪರೀಕ್ಷಿಸಲಿ. ಮಳೆಗಾಲದಲ್ಲಿ ನಾಲ್ಕೂವರೆ ಮೀಟರಿಗಿಂತ ಎತ್ತರದ ಉಬ್ಬರ ಯಾವ ದಿನ ಅಂತ ಮುನ್ಸಿಪಾಲಿಟಿ ಮೊದಲೇ ಪಟ್ಟಿ ಕೊಡುತ್ತದೆ. ಆ ತಾರೀಖುಗಳ ಪಕ್ಕದಲ್ಲಿ ತಿಥಿ ಬರೆದು ನೋಡಿದರೆ ಗುಟ್ಟು ತಾನಾಗಿ ಹೊರಬರುತ್ತದೆ.

5. ಕೈಗೆ ಕಸ ಕೊಡಿ

ದುಬಾರಿ ಕಿಟ್‌ಗಳಲ್ಲಿ ಒಂದೇ ತೊಂದರೆ: ಪೆಟ್ಟಿಗೆಯ ಮೇಲೆಯೇ ಉತ್ತರದ ಚಿತ್ರ ಇರುತ್ತದೆ. ಮಗು ಅದನ್ನು ನೋಡಿ ಜೋಡಿಸುತ್ತದೆ, ಅಷ್ಟೇ.

ಪುಣೆಯ ಅರವಿಂದ ಗುಪ್ತಾ ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸಿದವರು. ಅಲ್ಲಿನ ಐಯುಕಾ ಎಂಬ ಖಗೋಳವಿಜ್ಞಾನ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಹಲವು ವರ್ಷ ಇದೇ ಕೆಲಸ ಮಾಡಿದರು, 2018ರಲ್ಲಿ ಪದ್ಮಶ್ರೀ ಬಂತು. ಅವರ ಆಟಿಕೆಗಳ ವಿವರ, ವೀಡಿಯೋ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಅದರಲ್ಲಿ ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ಆಟ ಮೊದಲಿಗೆ ಹೇಳಿ ಮಾಡಿಸಿದ್ದು. ಸೈಕಲ್ ಅಂಗಡಿಯಲ್ಲಿ ಆ ತೆಳು ರಬ್ಬರ್ ಟ್ಯೂಬ್ ಸಿಗುತ್ತದೆ. ಬೆಂಕಿಕಡ್ಡಿಯ ಮದ್ದು ಕೆರೆದು ತೆಗೆಯಿರಿ. ಟ್ಯೂಬನ್ನು ಚಿಕ್ಕ ತುಂಡು ಮಾಡಿ, ಎರಡು ತುದಿಗೂ ಕಡ್ಡಿ ಸಿಕ್ಕಿಸಿದರೆ ಬಾಗುವ ಕೀಲು ಸಿದ್ಧ. ಮೂರು ಕಡ್ಡಿ ಸೇರಿಸಿ ತ್ರಿಕೋನ, ನಾಲ್ಕು ಸೇರಿಸಿ ಚೌಕ. ಈಗ ಬೆರಳಲ್ಲಿ ಒತ್ತಿ ನೋಡಿ. ಚೌಕ ಅತ್ತಿತ್ತ ವಾಲುತ್ತದೆ. ತ್ರಿಕೋನ ಎಷ್ಟು ಒತ್ತಿದರೂ ಆಕಾರ ಬಿಡುವುದಿಲ್ಲ. "ಚೌಕ ವಾಲದ ಹಾಗೆ ಮಾಡು" ಅಂತ ಹೇಳಿ ನೀವು ಚಹಾ ಮಾಡಲು ಹೋಗಿ. ಮಗು ಅಡ್ಡಕ್ಕೊಂದು ಕಡ್ಡಿ ಹಾಕಬೇಕು ಅಂತ ತಾನೇ ಕಂಡುಕೊಂಡ ಮೇಲೆ ಸ್ಟೇಷನ್ನಿನ ಹಳೆಯ ಕಬ್ಬಿಣದ ಪಾದಚಾರಿ ಸೇತುವೆಗೆ ಕರೆದುಕೊಂಡು ಹೋಗಿ ನಿಲ್ಲಿಸಿ. ಎಷ್ಟು ತ್ರಿಕೋನ ಇದೆ ಅಂತ ಎಣಿಸುತ್ತಾ ನಿಂತುಬಿಡುತ್ತದೆ. ಪೀಕ್ ಅವರ್‌ನಲ್ಲಿ ಮಾತ್ರ ಬೇಡ.

ಇನ್ನೊಂದು ಆಟಕ್ಕೆ ಶ್ರೀಖಂಡದ ಖಾಲಿ ಡಬ್ಬಿ ಸಾಕು. ಇದರಿಂದ ಏನೇನು ಮಾಡಬಹುದು? ಮನಶ್ಶಾಸ್ತ್ರಜ್ಞ ಗಿಲ್‌ಫರ್ಡ್ 1960ರ ದಶಕದಲ್ಲಿ ಇಟ್ಟಿಗೆಯಂಥ ಸಾಮಾನ್ಯ ವಸ್ತು ಹೇಳಿ ಇದೇ ರೀತಿ ಪರೀಕ್ಷೆ ಮಾಡುತ್ತಿದ್ದರು. ಮೊದಲ ಐದಾರು ಉತ್ತರ ಎಲ್ಲರಿಗೂ ಬರುತ್ತದೆ: ಸಾಸಿವೆ ಹಾಕಿಡಬಹುದು, ಪೆನ್ಸಿಲ್ ಇಡಬಹುದು. ಅಲ್ಲಿಗೆ ಮಗು "ಮುಗೀತು" ಅನ್ನುತ್ತದೆ. ನೀವು ಒಪ್ಪಬೇಡಿ, ಇನ್ನೂ ಐದು ಕೇಳಿ. ಆಮೇಲೆ ಬರುವ ಉತ್ತರಗಳು ವಿಚಿತ್ರವಾಗಿರುತ್ತವೆ, ಅವೇ ಬೇಕಾದದ್ದು. ನಗಬೇಡಿ, ತಿದ್ದಬೇಡಿ. ಪಟ್ಟಿ ಮುಗಿದ ಮೇಲೆ ಒಂದನ್ನು ಆರಿಸಿ ಮಾಡಿ ನೋಡಲಿ.

ಶಾಲೆಯ ಪ್ರಾಜೆಕ್ಟ್ ಬಗ್ಗೆ ಒಂದು ಮಾತು. ಸ್ಟೇಷನರಿ ಅಂಗಡಿಯಲ್ಲಿ ತಯಾರಾದ ಮಾಡೆಲ್ ಸಿಗುತ್ತದೆ, ಅಪ್ಪಅಮ್ಮ ರಾತ್ರಿ ಒಂದು ಗಂಟೆಯವರೆಗೆ ಕೂತು ಮಾಡಿದ್ದೂ ಇರುತ್ತದೆ. ಎರಡೂ ಬೇಡ. ಸೊಟ್ಟಗಿರುವ ಜ್ವಾಲಾಮುಖಿಯನ್ನೇ ಕಳಿಸಿ. ಮಾರ್ಕು ಎರಡು ಕಡಿಮೆ ಬರಬಹುದು. ಐದನೇ ಕ್ಲಾಸಿನ ಆ ಎರಡು ಮಾರ್ಕನ್ನು ಮುಂದೆ ಯಾರೂ ಕೇಳುವುದಿಲ್ಲ.

6. ಹೊಗಳುವಾಗ, ಬಹುಮಾನ ಕೊಡುವಾಗ

"ಎಷ್ಟು ಜಾಣ ನನ್ ಮಗ!" ಅನ್ನುವುದು ಸಹಜ. ಆದರೆ ಮ್ಯುಲರ್ ಮತ್ತು ಡ್ವೆಕ್ ಎಂಬ ಸಂಶೋಧಕಿಯರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಾಣ ಅಂತ ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಆಮೇಲೆ ಕಷ್ಟದ ಒಗಟುಗಳಿಂದ ದೂರ ಸರಿಯಲು ನೋಡಿದರು. ಜಾಣ ಅನ್ನುವ ಹೆಸರು ಹೋದರೆ? ಪಟ್ಟ ಶ್ರಮವನ್ನು ಹೊಗಳಿಸಿಕೊಂಡವರು ಕಷ್ಟದ್ದನ್ನೇ ಕೇಳಿದರು. ಹಾಗಾಗಿ ಕಣ್ಣಿಗೆ ಕಂಡದ್ದನ್ನು ಹೇಳಿ: "ಮೊದಲನೇ ದಾರಿ ಸರಿ ಹೋಗ್ಲಿಲ್ಲ ಅಂತ ಬೇರೆ ಥರ ಮಾಡಿದೆಯಲ್ಲ, ಅದು ನಂಗೆ ಇಷ್ಟ ಆಯ್ತು."

ಬಹುಮಾನದ ವಿಷಯ ಇನ್ನೂ ವಿಚಿತ್ರ. 1973ರ ಒಂದು ಪ್ರಯೋಗದಲ್ಲಿ, ಚಿತ್ರ ಬರೆಯುವುದೆಂದರೆ ಪ್ರಾಣ ಅನ್ನುತ್ತಿದ್ದ ಚಿಕ್ಕ ಮಕ್ಕಳಿಗೆ "ಬರೆದರೆ ಬಹುಮಾನ" ಅಂತ ಮೊದಲೇ ಹೇಳಿದರು. ಕೆಲವು ದಿನಗಳ ಮೇಲೆ ನೋಡಿದರೆ ಆ ಮಕ್ಕಳು ತಾವಾಗಿ ಚಿತ್ರ ಬರೆಯುವುದು ಕಡಿಮೆಯಾಗಿತ್ತು. ಮಗು ಖುಷಿಯಿಂದ ಮಾಡುವ ಕೆಲಸಕ್ಕೆ ಚಾಕಲೇಟು ಕಟ್ಟಬೇಡಿ. ಪಾತ್ರೆ ಒರೆಸಿದ್ದಕ್ಕೆ ಬೇಕಾದರೆ ಕೊಡಿ.

7. ವಾರಕ್ಕೆ ಒಂದು ಸಂಜೆ ಖಾಲಿ

ಕ್ಲಾಸಿಲ್ಲ, ಫೋನಿಲ್ಲ, ಟೀವಿಯಿಲ್ಲ. "ಬೋರ್ ಆಗ್ತಿದೆ" ಅಂತ ಮಗು ಅರ್ಧ ಗಂಟೆ ನಿಮ್ಮ ಸೆರಗು ಎಳೆಯುತ್ತದೆ. ಏನೂ ಸೂಚಿಸಬೇಡಿ. ಬೇಕಾದರೆ ಮೊಟ್ಟೆಯ ದೊಡ್ಡ ಟ್ರೇಯಿಂದ ಎರಡು ಸಾಲು ಕತ್ತರಿಸಿ, ಹುಣಸೆ ಬೀಜ ಕೊಟ್ಟು ಚೆನ್ನೆಮಣೆ ಆಡಲು ಬಿಡಿ. ನಿಜವಾದ ಮಣೆಯಲ್ಲಿ ಬದಿಗೆ ಏಳು ಗುಳಿ, ಟ್ರೇಯಲ್ಲಿ ಆರೇ ಸಿಗುತ್ತದೆ. ನಿಯಮ ಹೇಗೆ ಬದಲಿಸುವುದು ಅನ್ನುವುದನ್ನು ಅವರೇ ನೋಡಿಕೊಳ್ಳಲಿ.

ಎದುರಾಗುವ ತೊಂದರೆಗಳು

*"ಎದುರು ಮಾತಾಡೋಕೆ ಶುರು ಮಾಡಿದ್ದಾನೆ."* ಊರಿಂದ ಬಂದ ಅಜ್ಜ ಮೊದಲು ಇದನ್ನೇ ಹೇಳುತ್ತಾರೆ. ಅವರ ಮಾತನ್ನು ತಳ್ಳಿಹಾಕಬೇಡಿ. ಬೇರೆ ಅಭಿಪ್ರಾಯ ಇರುವುದು ಬೇರೆ, ಒರಟಾಗಿ ಹೇಳುವುದು ಬೇರೆ. ಮಗುವಿಗೆ ವಾಕ್ಯವನ್ನೇ ಕಲಿಸಿ: "ಅಜ್ಜ, ನಂಗೆ ಹಾಗನ್ನಿಸಲ್ಲ, ಯಾಕಂದ್ರೆ..." ಆ "ಯಾಕಂದ್ರೆ" ಇಲ್ಲದೆ ಮಾತು ಮುಗಿಸುವ ಹಾಗಿಲ್ಲ. ದೊಡ್ಡವರಿಗೂ ಇದೇ ನಿಯಮ. "ನಾನು ಹೇಳಿದೆ ಅಂತ" ಅನ್ನುವುದು ಕಾರಣವಲ್ಲ. ಅಜ್ಜನಿಗೆ ತಾಳಮದ್ದಲೆ ಆಟದಲ್ಲಿ ಭಾಗವತರ ಜಾಗ ಕೊಟ್ಟು ನೋಡಿ, ವಿರೋಧ ಬಹಳ ಮಟ್ಟಿಗೆ ಇಳಿಯುತ್ತದೆ.

*"ಪರೀಕ್ಷೆಯಲ್ಲಿ ಸ್ವಂತ ಬುದ್ಧಿ ಬರೆದರೆ ಮಾರ್ಕು ಕೊಡಲ್ಲ."* ಎಷ್ಟೋ ಕಡೆ ನಿಜ. ಮಗುವಿಗೆ ಅದನ್ನು ಮುಚ್ಚಿಡದೆ ಹೇಳಿ: ಪರೀಕ್ಷೆಯಲ್ಲಿ ಕೇಳಿದ ರೀತಿಯಲ್ಲಿ ಬರೆ, ಮನೆಯಲ್ಲಿ ನಿನಗೆ ಅನ್ನಿಸಿದ್ದನ್ನು ಹೇಳು. ಮಕ್ಕಳಿಗೆ ಇದು ಅರ್ಥವಾಗುತ್ತದೆ. ಮನೆಯಲ್ಲಿ ತುಳು, ಲಿಫ್ಟಿನಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಅಂತ ದಿನಾ ಬದಲಿಸುವ ಮಕ್ಕಳು ಇವರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಬಾಯಿಪಾಠ ಕಡಿಮೆ ಮಾಡಬೇಕು ಅನ್ನುತ್ತದೆ. ನಿಮ್ಮ ಶಾಲೆಗೆ ಅದು ಯಾವಾಗ ತಲುಪುತ್ತದೆ ಅಂತ ಕಾಯುತ್ತಾ ಕೂರಬೇಡಿ.

*"ಎಲ್ಲದಕ್ಕೂ ಎಐ ಕೇಳ್ತಾಳೆ."* ಪೂರ್ತಿ ನಿಲ್ಲಿಸುವುದು ಕಷ್ಟ. ಕ್ರಮ ಬದಲಿಸಿ. ಮೊದಲು ತನ್ನ ಉತ್ತರವನ್ನು ಪ್ರಶ್ನೆ ಪುಸ್ತಕದಲ್ಲಿ ಕೈಯಲ್ಲಿ ಬರೆಯಬೇಕು, ಎರಡೇ ಸಾಲು ಇದ್ದರೂ ಸರಿ. ಆಮೇಲೆ ಚಾಟ್‌ಜಿಪಿಟಿಯನ್ನೋ ಇನ್ನೊಂದನ್ನೋ ಕೇಳಲಿ. ಕೊನೆಗೆ, ಅದು ಹೇಳಿದ್ದರಲ್ಲಿ ಒಂದು ತಪ್ಪನ್ನೋ ಅನುಮಾನವನ್ನೋ ಹುಡುಕಬೇಕು. ತಮ್ಮ ಬಡಾವಣೆಯ ಬಗ್ಗೆ, ಊರಿನ ದೇವಸ್ಥಾನದ ಬಗ್ಗೆ ಕೇಳಿಸಿ ನೋಡಿ. ಅದು ಗಟ್ಟಿಯಾಗಿ ತಪ್ಪು ಹೇಳುವುದನ್ನು ಒಮ್ಮೆ ಹಿಡಿದ ಮಗು ಆಮೇಲೆ ಸುಲಭಕ್ಕೆ ನಂಬುವುದಿಲ್ಲ.

*"ಭರತನಾಟ್ಯ ಬೇಡ ಅಂತಿದ್ದಾಳೆ."* ಇದು ನಿಮ್ಮ ಪರೀಕ್ಷೆ. ಇಷ್ಟು ದಿನ ಯೋಚಿಸು ಅಂತ ಹೇಳಿಕೊಟ್ಟ ಮಗು ಯೋಚಿಸಿಯೇ ಹೇಳುತ್ತಿರಬಹುದು, ಸೋಮಾರಿತನಕ್ಕೂ ಹೇಳುತ್ತಿರಬಹುದು. ಒಂದು ಪುಟದಲ್ಲಿ ಕಾರಣ ಬರೆಯಲು ಹೇಳಿ. ಬೇಡ ಅನ್ನಲು ಮೂರು ಕಾರಣ, ಮುಂದುವರಿಸಲು ಮೂರು ಕಾರಣ. ಬಿಟ್ಟರೆ ಆ ಎರಡು ಸಂಜೆ ಏನು ಮಾಡುತ್ತಾಳೆ ಅನ್ನುವುದೂ ಇರಲಿ. ಮರುದಿನ ಕೂತು ಮಾತಾಡಿ, ನಿಮ್ಮ ಆಸೆಯನ್ನೂ ಬಿಡಿಸಿ ಹೇಳಿ. ಫೀಸು ಕಟ್ಟಿದ ತಿಂಗಳು ಮುಗಿಸಲಿ. ಆಮೇಲೂ ಬೇಡ ಅಂದರೆ, ಟೀಚರಿಗೆ ಹೋಗಿ ನಮಸ್ಕಾರ ಮಾಡಿ ತಾನೇ ಹೇಳಿ ಬರಲಿ. ನೀವು ಫೋನ್ ಮಾಡಬೇಡಿ.